ಎಸ್‌ಎಸ್‌ಡಿ ಕೈಕೊಟ್ಟಾಗ: ಹೊಸದು ತರುವ ಮುನ್ನ, ತಂದ ಮೇಲೆ

ಹಳೆಯ ಹಾರ್ಡ್‌ಡಿಸ್ಕ್ ಕೆಡುವ ಮುನ್ನ ಕಟಕಟ ಸದ್ದು ಮಾಡಿ ಎಚ್ಚರಿಸುತ್ತಿತ್ತು. ಈಗ ಅದರ ಜಾಗದಲ್ಲಿ ಕೂತು ಮಾಹಿತಿ ಕಾಯುವ ಎಸ್‌ಎಸ್‌ಡಿಗೆ (ಸಾಲಿಡ್ ಸ್ಟೇಟ್ ಡ್ರೈವ್) ಆ ಸೌಜನ್ಯವಿಲ್ಲ. ರಾತ್ರಿ ಸರಿಯಾಗಿಯೇ ಆಫ್ ಆದ ಕಂಪ್ಯೂಟರ್ ಬೆಳಿಗ್ಗೆ ಬೂಟ್ ಡಿವೈಸ್ ಸಿಗುತ್ತಿಲ್ಲ ಎಂದು ಕಪ್ಪು ಪರದೆ ತೋರಿಸಿ ಕೂರುತ್ತದೆ. ಇದರೊಳಗೆ ತಿರುಗುವ ತಟ್ಟೆ ಇಲ್ಲ. ಮಾಹಿತಿ ತುಂಬಿದ ಫ್ಲ್ಯಾಶ್ ಚಿಪ್‌ಗಳು, ಯಾವುದು ಎಲ್ಲಿದೆ ಎಂದು ಲೆಕ್ಕ ಇಡುವ ಕಂಟ್ರೋಲರ್, ಅಷ್ಟೆ. ಲೆಕ್ಕ ಇಡುವವನೇ ಮಲಗಿದರೆ ಚಿಪ್‌ಗಳು ನೆಟ್ಟಗಿದ್ದೂ ಪ್ರಯೋಜನವಿಲ್ಲ.

ಹಾಗೆಂದು ಬೂಟ್ ಆಗದ ಕಂಪ್ಯೂಟರಿನಲ್ಲೆಲ್ಲ ಎಸ್‌ಎಸ್‌ಡಿಯೇ ಕೆಟ್ಟಿರುವುದಿಲ್ಲ. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಬಯಾಸ್ (ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆ) ಒಳಗೆ ಹೋಗಿ. ಡ್ರೈವಿನ ಹೆಸರು ಅಲ್ಲಿ ಕಾಣಿಸಿದರೆ ಕೆಟ್ಟಿರುವುದು ವಿಂಡೋಸ್ ಮಾತ್ರ ಇರಬಹುದು. ಕಾಣಿಸದಿದ್ದರೆ ಮೊದಲ ಅನುಮಾನ ಕೇಬಲ್ ಮೇಲಿರಲಿ. ಡ್ರೈವನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ, ಮದರ್‌ಬೋರ್ಡಿನ ಬೇರೆ ಪೋರ್ಟಿಗೆ ಹಾಕಿ, ಪವರ್ ಕನೆಕ್ಟರನ್ನೂ ಬೇರೆಯದು ಕೊಟ್ಟು ನೋಡಿ. ಕೇಬಲ್ ಇಲ್ಲದೆ ಮದರ್‌ಬೋರ್ಡಿಗೇ ಕೂರುವ ಎಂ.2 ಮಾದರಿಯದಾದರೆ ಬಿಚ್ಚಿ ಮತ್ತೆ ಕೂರಿಸಿ.

ಮಳೆಗಾಲದಲ್ಲಿ ಕರೆಂಟ್ ಫಟ್ಟನೆ ಹೋದ ಮೇಲೆ ಡ್ರೈವ್ ಮಾಯವಾಗಿದ್ದರೆ ಇನ್ನೊಂದು ಪ್ರಯತ್ನ ಉಳಿದಿದೆ. ಸಾಟಾ ಎಸ್‌ಎಸ್‌ಡಿಯ ಡೇಟಾ ಕೇಬಲ್ ಕಿತ್ತು, ಪವರ್ ಕೇಬಲ್ ಮಾತ್ರ ಉಳಿಸಿ, ಕಂಪ್ಯೂಟರನ್ನು ಅರ್ಧ ಗಂಟೆ ಆನ್ ಇಡಿ. ಆಮೇಲೆ ಆಫ್ ಮಾಡಿ, ಪವರ್ ಕೇಬಲನ್ನೂ ಅರ್ಧ ನಿಮಿಷ ತೆಗೆದಿಟ್ಟು, ಇದನ್ನೇ ಮತ್ತೊಮ್ಮೆ ಮಾಡಿ. ಅರ್ಧಕ್ಕೆ ನಿಂತ ಲೆಕ್ಕದ ಪಟ್ಟಿಯನ್ನು ಸರಿಪಡಿಸಿಕೊಳ್ಳಲು ಕಂಟ್ರೋಲರಿಗೆ ಸಮಯ ಸಿಕ್ಕರೆ ಕೆಲವು ಡ್ರೈವ್‌ಗಳು ಎದ್ದು ಕೂರುತ್ತವೆ. ಖಾತ್ರಿಯೇನೂ ಇಲ್ಲ, ಖರ್ಚೂ ಇಲ್ಲ. ಎದ್ದರೆ ಫೈಲ್‌ಗಳನ್ನು ತಕ್ಷಣ ಬೇರೆಡೆಗೆ ಕಾಪಿ ಮಾಡಿ. ಆ ಡ್ರೈವನ್ನು ಮತ್ತೆ ನಂಬಬೇಡಿ.

ಅರೆಜೀವದ ಸ್ಥಿತಿಯೂ ಉಂಟು. ಸವೆದ ಜಾಗದ ಬದಲಿಗೆಂದು ಮೀಸಲಿಟ್ಟ ಬ್ಲಾಕ್‌ಗಳು ಮುಗಿದಾಗ ಕೆಲವು ಡ್ರೈವ್‌ಗಳು ಬರೆಯುವುದನ್ನು ನಿಲ್ಲಿಸಿ ಓದಲು ಮಾತ್ರ ಬಿಡುತ್ತವೆ. ವಿಂಡೋಸ್ ಏಳುವುದಿಲ್ಲ, ಆದರೆ ಯುಎಸ್‌ಬಿ ಕೇಸಿಂಗಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಚುಚ್ಚಿದರೆ ಫೈಲ್‌ಗಳು ಸಿಗುತ್ತವೆ. ಇಂಥ ಡ್ರೈವನ್ನು ಇಡಿಯಾಗಿ ಕ್ಲೋನ್ ಮಾಡಲು ಹೋಗಬೇಡಿ. ಉಳಿದ ಉಸಿರೆಲ್ಲ ವಿಂಡೋಸ್‌ನ ಕಡತಗಳನ್ನು ಓದುವುದರಲ್ಲೇ ಹೋದೀತು. ಮಕ್ಕಳ ಫೋಟೊ, ದಾಖಲೆಗಳ ಸ್ಕ್ಯಾನ್, ಟ್ಯಾಲಿಯ ಡೇಟಾ ಫೋಲ್ಡರ್ ಮೊದಲು, ಸಿನಿಮಾ ಕೊನೆಗೆ. ಡ್ರೈವಿನ ಮಾಹಿತಿಯನ್ನು ಗುಪ್ತಲಿಪಿಯಲ್ಲಿಡುವ ವಿಂಡೋಸ್‌ನ ಬಿಟ್‌ಲಾಕರ್ ಬೀಗ ಇದ್ದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುತ್ತಿದ್ದವರಿಗೆ ಅದು ಸಾಮಾನ್ಯವಾಗಿ ಆ ಖಾತೆಯಲ್ಲೇ ಸಿಗುತ್ತದೆ.

ಹೊಸದನ್ನು ಕೊಳ್ಳುವಾಗ

ಹೆಚ್ಚಿನವರು ಎಡವುವುದು ಇಲ್ಲಿ. ಮನೆಯ ಕಂಪ್ಯೂಟರುಗಳಲ್ಲಿ ಎರಡು ಆಕಾರ ಸಾಮಾನ್ಯ: ಚಪ್ಪಟೆ ಡಬ್ಬಿಯಂತಿರುವ 2.5 ಇಂಚಿನ ಸಾಟಾ, ಚ್ಯೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2. ಎಂ.2 ಪಟ್ಟಿಯ ಮೇಲಿನ 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಕೆಲವು ಲ್ಯಾಪ್‌ಟಾಪ್‌ಗಳಿಗೆ 2242 ಅಥವಾ 2230 ಮಾತ್ರ ಹಿಡಿಸುತ್ತದೆ. ನೋಡಲು ಒಂದೇ ಥರ ಇರುವ ಎಂ.2ಗಳಲ್ಲೂ ಎರಡು ಜಾತಿ. ಚಿನ್ನದ ಬಣ್ಣದ ಅಂಚಿನಲ್ಲಿ ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ, ಒಂದೇ ಇದ್ದರೆ ಅದಕ್ಕಿಂತ ವೇಗದ ಎನ್‌ವಿಎಂಇ. ಸ್ಲಾಟಿನಲ್ಲಿ ಕೂತ ಮಾತ್ರಕ್ಕೆ ಕೆಲಸ ಮಾಡುತ್ತದೆ ಎಂದೇನಿಲ್ಲ, ಮದರ್‌ಬೋರ್ಡಿನ ಮಾದರಿ ಸಂಖ್ಯೆ ಹುಡುಕಿ ಮ್ಯಾನುಯಲ್ ನೋಡಿ. ಎಂ.2 ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುವ ಬೋರ್ಡ್‌ಗಳೂ ಇವೆ, ಅದೂ ಅಲ್ಲೇ ಬರೆದಿರುತ್ತದೆ.

ವೇಗದ ಜಾಹೀರಾತಿಗೆ ಮರುಳಾಗುವ ಅಗತ್ಯವಿಲ್ಲ. ಸಾಟಾದ ಮಿತಿ ಸೆಕೆಂಡಿಗೆ ಸುಮಾರು 550 ಎಂಬಿ, ಮೂರನೇ ಪೀಳಿಗೆಯ ಎನ್‌ವಿಎಂಇ 3,500ರವರೆಗೆ ಹೋಗುತ್ತದೆ. ಬ್ರೌಸರ್, ಲೆಕ್ಕಪತ್ರ, ಆನ್‌ಲೈನ್ ತರಗತಿಗಳಿಗೆ ಈ ಅಂತರ ಗೊತ್ತೇ ಆಗದು. ನೋಡಬೇಕಾದ್ದು ವಾರಂಟಿ: 5 ವರ್ಷ ಅಥವಾ ಇಂತಿಷ್ಟು ಟೆರಾಬೈಟ್ ಡೇಟಾ ಬರೆಯುವವರೆಗೆ, ಯಾವುದು ಮೊದಲೋ ಅದು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೇ ಕೊಳ್ಳಿ, ಆನ್‌ಲೈನಿನಲ್ಲೇ ಕೊಳ್ಳಿ, ಸೀರಿಯಲ್ ನಂಬರ್ ಇರುವ ಬಿಲ್ ಬೇಕು. ಕೇಳದ ಹೆಸರಿನ ಅಗ್ಗದ 2 ಟಿಬಿ ಡ್ರೈವ್‌ಗಳಲ್ಲಿ ನಿಜವಾದ ಜಾಗ ಅದರ ಕಾಲುಭಾಗವೂ ಇಲ್ಲದಿರಬಹುದು. ಆದರೆ 500 ಜಿಬಿಯದ್ದು ವಿಂಡೋಸಿನಲ್ಲಿ 465 ಎಂದು ಕಂಡರೆ ಅದು ಮೋಸವಲ್ಲ, ಎಣಿಸುವ ಕ್ರಮದ ವ್ಯತ್ಯಾಸ.

ಕೂರಿಸುವುದು

ಇದು ಹತ್ತು ನಿಮಿಷದ ಕೆಲಸ. ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಳ್ಳಿ. ಎಂ.2 ಪಟ್ಟಿಯನ್ನು ಸುಮಾರು 30 ಡಿಗ್ರಿ ಓರೆಯಲ್ಲಿ ತೂರಿಸಿ, ಮೆಲ್ಲಗೆ ಕೆಳಗೊತ್ತಿ, ಪುಟ್ಟ ಸ್ಕ್ರೂ ಬಿಗಿ ಮಾಡಿ. ಆ ಸ್ಕ್ರೂ ಡ್ರೈವಿನ ಜೊತೆ ಬರುವುದು ಅಪರೂಪ, ಹಳೆಯದನ್ನು ಕಳೆಯಬೇಡಿ. ಮೇಲೆ ಹೀಟ್‌ಸಿಂಕ್ ಇದ್ದರೆ ಅದರಡಿಯ ಪ್ಯಾಡಿನ ಪ್ಲಾಸ್ಟಿಕ್ ಹಾಳೆ ತೆಗೆಯಲು ಮರೆಯಬಾರದು. 2.5 ಇಂಚಿನದಕ್ಕೆ ಎರಡು ಸ್ಕ್ರೂ, ಎರಡು ಕೇಬಲ್, ಮುಗಿಯಿತು.

ವಿಂಡೋಸ್ ಹಾಕುವಾಗ

ಬೇರೆ ಕಂಪ್ಯೂಟರಿನಲ್ಲಿ ಕನಿಷ್ಠ 8 ಜಿಬಿಯ ಪೆನ್‌ಡ್ರೈವಿಗೆ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಇನ್‌ಸ್ಟಾಲರ್ ತುಂಬಿಸಿ, ಪೆನ್‌ಡ್ರೈವಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಕಂಪ್ಯೂಟರಿನಲ್ಲಿ ಡೇಟಾದ ಹಾರ್ಡ್‌ಡಿಸ್ಕ್ ಬೇರೆ ಇದ್ದರೆ ಇನ್‌ಸ್ಟಾಲ್ ಮುಗಿಯುವತನಕ ಅದರ ಕೇಬಲ್ ಕಿತ್ತಿಡಿ. ಇಲ್ಲವಾದರೆ ವಿಂಡೋಸ್ ತನ್ನ ಬೂಟ್ ಪಾರ್ಟಿಶನ್ನನ್ನು ಅದರಲ್ಲಿ ಇಟ್ಟುಬಿಡಬಹುದು. ಮುಂದೊಂದು ದಿನ ಹಾರ್ಡ್‌ಡಿಸ್ಕ್ ತೆಗೆದಾಗ ಹೊಸ ಎಸ್‌ಎಸ್‌ಡಿ ಬೂಟ್ ಆಗದೆ ತಲೆ ಕೆಡಿಸುತ್ತದೆ. ತಪ್ಪು ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಭಯವೂ ತಪ್ಪಿತು.

ಪೆನ್‌ಡ್ರೈವಿನಿಂದ ಬೂಟ್ ಮಾಡಿದಾಗ ಬರುವ ಡಿಸ್ಕ್ ಪಟ್ಟಿಯಲ್ಲಿ ಹೊಸ ಡ್ರೈವಿನ ಖಾಲಿ ಜಾಗವನ್ನು ಆರಿಸಿ ನೆಕ್ಸ್ಟ್ ಒತ್ತಿದರೆ ಪಾರ್ಟಿಶನ್‌ಗಳನ್ನು ಅದೇ ಮಾಡಿಕೊಳ್ಳುತ್ತದೆ. ಬಯಾಸ್‌ನಲ್ಲಿ ಕಾಣುವ ಡ್ರೈವ್ ಈ ಪಟ್ಟಿಯಲ್ಲಿ ಕಾಣದಿದ್ದರೆ ಡ್ರೈವ್ ಕೆಟ್ಟಿದೆ ಎಂದು ಹಿಂದಿರುಗಿಸಬೇಡಿ. ಇಂಟೆಲ್ 11ನೇ ಪೀಳಿಗೆ ಮತ್ತು ನಂತರದ ಪ್ರೊಸೆಸರ್ ಇರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್‌ಗಳನ್ನು ನಿಭಾಯಿಸುವ ವಿಎಂಡಿ ಎಂಬ ವ್ಯವಸ್ಥೆ ಆನ್ ಇರುತ್ತದೆ, ಅದರ ಡ್ರೈವರ್ ಇಲ್ಲದೆ ಇನ್‌ಸ್ಟಾಲರಿಗೆ ಡ್ರೈವ್ ಕಾಣದಿರಬಹುದು. ತಯಾರಕರ ತಾಣದಿಂದ ರ್‍ಯಾಪಿಡ್ ಸ್ಟೋರೇಜ್ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿ, ಲೋಡ್ ಡ್ರೈವರ್ ಒತ್ತಿ ತೋರಿಸಿದರೆ ಡ್ರೈವ್ ಕಾಣಿಸಿಕೊಳ್ಳುತ್ತದೆ. ಪ್ರಾಡಕ್ಟ್ ಕೀ ಕೇಳಿದಾಗ ಇಲ್ಲವೆನ್ನಿ. ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಇಂಟರ್‌ನೆಟ್ ಸಿಕ್ಕಾಗ ತಾನಾಗಿ ಆಕ್ಟಿವೇಟ್ ಆಗುತ್ತದೆ. ಹೋಮ್ ಇದ್ದಲ್ಲಿ ಹೋಮ್, ಪ್ರೊ ಇದ್ದಲ್ಲಿ ಪ್ರೊ ಆರಿಸಿದರೆ ಸಾಕು.

ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆಯ ಕಡತಗಳನ್ನು ತೆರೆದಾಗ ಚಿತ್ರವಿಚಿತ್ರ ಅಕ್ಷರ ಕಂಡರೆ ಗಾಬರಿ ಬೇಡ. ಯೂನಿಕೋಡ್ ಅಲ್ಲದ ಕಡತಗಳಿಗೆ ಆ ತಂತ್ರಾಂಶದ ಫಾಂಟುಗಳೇ ಬೇಕು. ಅವನ್ನು ಹಾಕಿದರೆ ಕನ್ನಡ ಮರಳುತ್ತದೆ.

ಕೆಟ್ಟ ಡ್ರೈವಿಗೆ ವಾರಂಟಿ ಉಳಿದಿದ್ದರೆ ತಯಾರಕರು ಬದಲಿ ಡ್ರೈವ್ ಕೊಡುತ್ತಾರೆಯೇ ಹೊರತು ಅದರಲ್ಲಿದ್ದ ಡೇಟಾ ಕೊಡುವುದಿಲ್ಲ. ಸ್ಪಂದಿಸದ ಡ್ರೈವನ್ನು ಅಳಿಸಿ ಕಳಿಸಲೂ ಆಗದು. ಬಿಟ್‌ಲಾಕರ್ ಇಲ್ಲದ ಡ್ರೈವಿನಲ್ಲಿ ಬ್ಯಾಂಕ್ ದಾಖಲೆಗಳಿದ್ದವು ಎಂದಾದರೆ ವಾರಂಟಿಯ ಆಸೆ ಬಿಡಿ. ಕವಚ ಬಿಚ್ಚಿ, ಒಳಗಿನ ಕಪ್ಪು ಚಿಪ್‌ಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಒಡೆದು ಇ-ತ್ಯಾಜ್ಯಕ್ಕೆ ಕೊಡಿ.