ಅರಬ್ ದಂಗೆಗಳನ್ನು ಬಜೆಟ್ ಪುಟಗಳಲ್ಲಿ ಓದಿದ ನನ್ನ ಅನುಭವ

2011ರಿಂದ ಈಚೆಗೆ ಅರಬ್ ರಾಷ್ಟ್ರಗಳ ಜನಬಂಡಾಯಗಳ ಬಗ್ಗೆ ಕನ್ನಡ ದಿನಪತ್ರಿಕೆಯೊಂದರ ಸಂಪಾದಕೀಯ ಪುಟಕ್ಕೆ ಬರೆಯುತ್ತ ಬಂದಿದ್ದೇನೆ. ಅದಕ್ಕೂ ಮೊದಲು ಹಲವು ವರ್ಷ ನಾನು ನೋಡಿಕೊಳ್ಳುತ್ತಿದ್ದುದು ರಾಜ್ಯದ ಹಣಕಾಸಿನ ವರದಿಗಾರಿಕೆಯನ್ನು. ಅಂದರೆ ಮುಖ್ಯಮಂತ್ರಿ ಓದುವ ಬಜೆಟ್ ಭಾಷಣವನ್ನು ಬದಿಗಿಟ್ಟು, ಅದರ ಜೊತೆಗೆ ಬರುವ ದಪ್ಪ ಸಂಪುಟಗಳಲ್ಲಿ ಯಾವ ಇಲಾಖೆಗೆ ಎಷ್ಟು ಹಂಚಿಕೆಯಾಗಿದೆ, ಹೋದ ವರ್ಷ ಹಂಚಿದ್ದರಲ್ಲಿ ಎಷ್ಟು ಖರ್ಚಾಗದೆ ಉಳಿದಿದೆ ಎಂದು ಹುಡುಕುವ ಕೆಲಸ. ಅರಬ್ಬಿ ನನಗೆ ಬಾರದು. ಕೈರೊವನ್ನಾಗಲಿ ಟ್ಯೂನಿಸ್ ಅನ್ನಾಗಲಿ ಕಂಡವಳೂ ಅಲ್ಲ. ಚೌಕದಲ್ಲಿ ನೆರೆದವರ ಮನಸ್ಸಿನಲ್ಲಿ ಏನಿತ್ತು ಎಂದು ಇಲ್ಲಿ ಕುಳಿತು ಖಚಿತವಾಗಿ ಹೇಳುವ ಹಕ್ಕು ನನಗಿರಲಿಲ್ಲ. ಆದರೆ ಅವರ ಸರ್ಕಾರಗಳು ಯಾವುದನ್ನು ಮುಖ್ಯವೆಂದು ಬಗೆದಿದ್ದವು ಎಂಬುದಕ್ಕೆ ಲಿಖಿತ ದಾಖಲೆ ಇರುತ್ತದೆ, ಅದನ್ನು ಓದುವುದು ನನ್ನ ಕಸುಬು. ದಂಗೆಗೆ ಮೊದಲು ಆ ಸರ್ಕಾರ ಯಾತಕ್ಕೆ ಹಣ ಸುರಿಯುತ್ತಿತ್ತು, ದಂಗೆಯ ಭಯ ಆವರಿಸಿದ ವಾರಗಳಲ್ಲಿ ಯಾತಕ್ಕೆ ಸುರಿಯಿತು, ಅಧಿಕಾರ ಕೈ ಬದಲಾದ ಮೇಲೆ ಆ ಕ್ರಮ ಬದಲಾಯಿತೇ ಎಂಬಷ್ಟನ್ನು ಮಾತ್ರ ಆಧಾರವಾಗಿಟ್ಟುಕೊಂಡು ಅಭಿಪ್ರಾಯ ಬರೆಯಬೇಕೆಂದು ನಿಶ್ಚಯಿಸಿಕೊಂಡೆ.

ಮೊದಲ ಪರೀಕ್ಷೆ ಟ್ಯುನೀಷಿಯಾ. 2010ರ ಡಿಸೆಂಬರ್ 17ರಂದು ಸಿದಿ ಬುಝೀದ್ ಎಂಬ ಒಳನಾಡಿನ ಊರಿನಲ್ಲಿ ತಳ್ಳುಗಾಡಿಯ ವ್ಯಾಪಾರಿ ಮೊಹಮದ್ ಬುವಾಜಿಜಿ ಮೈಗೆ ಬೆಂಕಿ ಹಚ್ಚಿಕೊಂಡ. 2011ರ ಜನವರಿ 14ರಂದು, ಇಪ್ಪತ್ತಮೂರು ವರ್ಷ ಆಳಿದ ಝೈನ್ ಅಲ್ ಅಬಿದೀನ್ ಬೆನ್ ಅಲಿ ಸೌದಿ ಅರೇಬಿಯಾಕ್ಕೆ ಓಡಿಹೋದರು. ಡೆಸ್ಕಿಗೆ ಬರುತ್ತಿದ್ದ ಏಜೆನ್ಸಿ ಸುದ್ದಿಗಳಲ್ಲಿ ಫೇಸ್‌ಬುಕ್ಕಿನ ಮಹಿಮೆಯೇ ತುಂಬಿತ್ತು. ನಾನು ಹುಡುಕಿದ್ದು ಬೇರೆಯದನ್ನು. ವಿಶ್ವ ಆರ್ಥಿಕ ವೇದಿಕೆಯ 2010-11ರ ಸ್ಪರ್ಧಾತ್ಮಕತೆಯ ಪಟ್ಟಿಯಲ್ಲಿ ಟ್ಯುನೀಷಿಯಾ 32ನೆಯ ಸ್ಥಾನದಲ್ಲಿತ್ತು, ಆಫ್ರಿಕಾದಲ್ಲೇ ಮೊದಲನೆಯದು. ಅದೇ ದೇಶದಲ್ಲಿ ಒಟ್ಟು ನಿರುದ್ಯೋಗ ಶೇ 13ರ ಆಸುಪಾಸಿನಲ್ಲಿದ್ದರೆ ಪದವೀಧರರಲ್ಲಿ ಅದು ಶೇ 20ನ್ನು ದಾಟಿತ್ತು. ರಸ್ತೆ, ಬಂದರು, ಕಾರ್ಖಾನೆ, ಹೋಟೆಲುಗಳೆಲ್ಲ ಕರಾವಳಿಯ ಪಾಲಾಗಿ, ಸಿದಿ ಬುಝೀದ್, ಕಸ್ಸರೀನ್, ಗಫ್ಸಾಗಳಂತಹ ಒಳನಾಡು ಕೃಷಿ ಉತ್ಪನ್ನವನ್ನೂ ಫಾಸ್ಫೇಟನ್ನೂ ಕೊಟ್ಟು ಬರಿಗೈಯಲ್ಲಿ ಉಳಿದಿತ್ತು. ಗಫ್ಸಾದ ಗಣಿ ಪ್ರದೇಶದಲ್ಲಿ 2008ರಲ್ಲೇ ನೇಮಕಾತಿಯ ಅಕ್ರಮದ ವಿರುದ್ಧ ತಿಂಗಳುಗಟ್ಟಲೆ ಹೋರಾಟ ನಡೆದು, ಅದನ್ನು ಪೊಲೀಸರಿಂದ ಹತ್ತಿಕ್ಕಲಾಗಿತ್ತು. ಹಾಗಾಗಿ ನನ್ನ ಮೊದಲ ಲೇಖನದ ವಾದ ಇಷ್ಟೇ ಆಗಿತ್ತು: ಅಂತರರಾಷ್ಟ್ರೀಯ ಸಂಸ್ಥೆಗಳು ಮೆಚ್ಚುತ್ತಿದ್ದ ಸರಾಸರಿ ಅಂಕಿಯೊಳಗೆ ಎರಡು ಟ್ಯುನೀಷಿಯಾಗಳಿದ್ದವು, ಸಿಟ್ಟೆದ್ದಿದ್ದು ಹಣ ತಲುಪದ ಎರಡನೆಯದಕ್ಕೆ. ಬೆನ್ ಅಲಿ ಕುಟುಂಬಕ್ಕೆ ಸೇರಿದ 220 ಕಂಪನಿಗಳು ಖಾಸಗಿ ವಲಯದ ಒಟ್ಟು ಲಾಭದ ಶೇ 21ರಷ್ಟನ್ನು ಬಾಚಿಕೊಳ್ಳುತ್ತಿದ್ದವು ಎಂದು ವಿಶ್ವಬ್ಯಾಂಕ್ ಲೆಕ್ಕ ಹಾಕಿ ಹೇಳಿದ್ದು 2014ರಲ್ಲಿ, ಅಂದರೆ ಅವರು ಓಡಿಹೋಗಿ ಮೂರು ವರ್ಷಗಳಾದ ಮೇಲೆ. ಮೊದಲೇ ಹೇಳಿದ್ದರೆ ಹೊಗಳಿಕೆಯ ಪತ್ರಗಳನ್ನು ಹಿಂದಕ್ಕೆ ಪಡೆಯಬೇಕಾಗುತ್ತಿತ್ತೇನೋ.

ಈಜಿಪ್ಟಿನ ಬಗ್ಗೆ ಬರೆಯಲು ಕೂತಾಗ ಸಬ್ಸಿಡಿಯ ಪ್ರಶ್ನೆ ಎದುರಾಯಿತು. ಆರ್ಥಿಕ ಪುಟಗಳಲ್ಲಿ ಸಾಮಾನ್ಯವಾಗಿ ಎಲ್ಲ ಸಬ್ಸಿಡಿಯನ್ನೂ ಒಂದೇ ತಲೆಬರಹದಡಿ ಹಾಕಿ, ಅದನ್ನು ಹೊರೆ ಎಂದು ಕರೆದು ಮುಗಿಸುವ ರೂಢಿಯಿದೆ. ರೊಟ್ಟಿಯ ಸಬ್ಸಿಡಿಯನ್ನೂ ಇಂಧನದ ಸಬ್ಸಿಡಿಯನ್ನೂ ಬೇರೆ ಮಾಡದೆ ಈಜಿಪ್ಟ್ ಅರ್ಥವಾಗುವುದಿಲ್ಲ. 1977ರ ಜನವರಿಯಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಒತ್ತಾಯದಿಂದ ಅಧ್ಯಕ್ಷ ಅನ್ವರ್ ಸಾದತ್ ಆಹಾರದ ಸಬ್ಸಿಡಿ ಕಡಿದಾಗ ಎರಡೇ ದಿನಗಳಲ್ಲಿ ದೇಶ ಹೊತ್ತಿ ಉರಿದು, ಆದೇಶವನ್ನು ವಾಪಸ್ ಪಡೆಯಬೇಕಾಯಿತು. ಆಮೇಲಿನ ಯಾವ ಆಡಳಿತಗಾರನೂ ಆ ಪಾಠವನ್ನು ಮರೆಯಲಿಲ್ಲ. 1980ರ ದಶಕದ ಕೊನೆಯಿಂದ ಸರ್ಕಾರಿ ರೊಟ್ಟಿಯೊಂದರ ಬೆಲೆ ಐದು ಪಿಯಾಸ್ಟರ್‌ಗೆ (ಈಜಿಪ್ಟಿನ ಪೌಂಡಿನ ನೂರನೆಯ ಒಂದು ಭಾಗ ಒಂದು ಪಿಯಾಸ್ಟರ್) ನಿಂತುಬಿಟ್ಟಿತು. ಆದರೆ ಬೊಕ್ಕಸವನ್ನು ನಿಜಕ್ಕೂ ನುಂಗುತ್ತಿದ್ದುದು ಪೆಟ್ರೋಲ್, ಡೀಸೆಲ್, ಅನಿಲಗಳ ಸಬ್ಸಿಡಿ. ಕ್ರಾಂತಿಯ ಹೊತ್ತಿಗೆ ಅದು ಸರ್ಕಾರದ ಒಟ್ಟು ವೆಚ್ಚದ ಐದನೆಯ ಒಂದು ಭಾಗದಷ್ಟಾಗಿ, ಆರೋಗ್ಯ ಮತ್ತು ಶಿಕ್ಷಣಕ್ಕೆ ಸೇರಿಸಿ ಕೊಟ್ಟಿದ್ದನ್ನೂ ಮೀರಿತ್ತು. ರೊಟ್ಟಿಯ ಸಾಲಿನಲ್ಲಿ ನಿಲ್ಲುವವನು ಬಡವ. ಅಗ್ಗದ ಇಂಧನದ ಹೆಚ್ಚಿನ ಪಾಲು ಹೋಗುತ್ತಿದ್ದುದು ಕಾರು ಇದ್ದವರಿಗೆ, ಸಿಮೆಂಟು, ಉಕ್ಕು, ಗೊಬ್ಬರದ ಕಾರ್ಖಾನೆಗಳಿಗೆ. 2006ರಿಂದ 2008ರವರೆಗೆ ಈಜಿಪ್ಟಿನ ಆರ್ಥಿಕತೆ ವರ್ಷಕ್ಕೆ ಶೇ 7ರ ಹತ್ತಿರ ಬೆಳೆಯಿತು. ಅದೇ 2008ರ ಏಪ್ರಿಲ್ 6ರಂದು ಮಹಲ್ಲಾ ಅಲ್ ಕುಬ್ರಾದ ಬಟ್ಟೆ ಗಿರಣಿಗಳ ಕಾರ್ಮಿಕರು ಬೆಲೆ ಏರಿಕೆಯ ವಿರುದ್ಧ ಬೀದಿಗಿಳಿದರು. 2011ರಲ್ಲಿ ಕೈರೊದ ತಹ್ರೀರ್ ಚೌಕಕ್ಕೆ ಜನರನ್ನು ಕರೆದ ಯುವಕರ ಗುಂಪೊಂದು ಆ ದಿನಾಂಕವನ್ನೇ ತನ್ನ ಹೆಸರಾಗಿ ಇಟ್ಟುಕೊಂಡಿತ್ತು. 2010ರ ಆಗಸ್ಟಿನಲ್ಲಿ ಬರಗಾಲದಿಂದಾಗಿ ರಷ್ಯಾ ಗೋಧಿ ರಫ್ತನ್ನು ನಿಲ್ಲಿಸಿ, ಗೋಧಿಯ ಅತಿ ದೊಡ್ಡ ಆಮದುದಾರ ದೇಶವಾದ ಈಜಿಪ್ಟಿಗೆ ಅದರ ಬಿಸಿ ತಟ್ಟಿತು. ಕಾರಣಗಳು ಹೀಗೆ ಮೊದಲೇ ಕೂಡಿಬಂದಿದ್ದವು. 2011ರ ಫೆಬ್ರವರಿ 11ರಂದು ಅಧ್ಯಕ್ಷ ಹೋಸ್ನಿ ಮುಬಾರಕ್ ಕೆಳಗಿಳಿದಾಗ ಅದು ಕೇವಲ ಹದಿನೆಂಟು ದಿನಗಳ ಪ್ರತಿಭಟನೆಯ ಫಲವೆಂದು ಬರೆಯಲು ನನಗೆ ಮನಸ್ಸಾಗಲಿಲ್ಲ.

ದಂಗೆಯ ಭಯದಲ್ಲಿದ್ದ ಸರ್ಕಾರ ತನ್ನ ಮನಸ್ಸನ್ನು ಬಜೆಟ್ ಭಾಷಣಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆಂಬುದು ಅದೇ ಫೆಬ್ರವರಿ ಕೊನೆಯಲ್ಲಿ ಗೊತ್ತಾಯಿತು. 23ರಂದು ಸೌದಿ ದೊರೆ ಅಬ್ದುಲ್ಲಾ ಚಿಕಿತ್ಸೆ ಮುಗಿಸಿ ದೇಶಕ್ಕೆ ಮರಳುತ್ತಿದ್ದಂತೆ 37 ಬಿಲಿಯನ್ ಡಾಲರುಗಳ ಕೊಡುಗೆ ಘೋಷಣೆಯಾಯಿತು. ಮಾರ್ಚ್ 18ರಂದು ಮತ್ತೊಂದು, ಅದಕ್ಕೂ ದೊಡ್ಡದು. ಎರಡೂ ಸೇರಿ ಸುಮಾರು 130 ಬಿಲಿಯನ್ ಡಾಲರ್. ಅಷ್ಟು ದೊಡ್ಡ ಮೊತ್ತ ಓದುಗರಿಗೆ ಏನೂ ಹೇಳುವುದಿಲ್ಲವಾದ್ದರಿಂದ ಅಂದಿನ ದರದಲ್ಲಿ ರೂಪಾಯಿಗೆ ತಂದು, ಫೆಬ್ರವರಿ 24ರಂದು ಬಿ.ಎಸ್. ಯಡಿಯೂರಪ್ಪನವರು ಮಂಡಿಸಿದ ಕರ್ನಾಟಕ ಬಜೆಟ್ಟಿನ ಪಕ್ಕದಲ್ಲಿಟ್ಟೆ. ನಮ್ಮದು ಸುಮಾರು 85 ಸಾವಿರ ಕೋಟಿ, ಸೌದಿಯ ಕೊಡುಗೆ ಅದರ ಏಳು ಪಟ್ಟಿನ ಹತ್ತಿರ. ಕುವೈತ್ ಪ್ರತಿ ಪ್ರಜೆಗೆ ಸಾವಿರ ದಿನಾರ್ ಮತ್ತು ಹದಿನಾಲ್ಕು ತಿಂಗಳು ಉಚಿತ ಪಡಿತರ ಘೋಷಿಸಿತು. ಬಹರೇನ್ ಪ್ರತಿ ಕುಟುಂಬಕ್ಕೆ ಸಾವಿರ ದಿನಾರ್ ಎಂದಿತು, ಅದಾಗಿ ಒಂದು ತಿಂಗಳಲ್ಲಿ ನೆರೆಯ ದೇಶಗಳ ಸೇನೆಯನ್ನು ಕರೆಸಿಕೊಂಡು ಚಳವಳಿಯನ್ನು ಅಡಗಿಸಿ, ಜನ ಸೇರುತ್ತಿದ್ದ ಮುತ್ತಿನ ವೃತ್ತದ ಸ್ಮಾರಕವನ್ನೇ ಕೆಡವಿತು.

ಇಂತಹ ಘೋಷಣೆ ಬಂದಾಗಲೆಲ್ಲ ನಾನು ಅದನ್ನು ಬಿಡಿಸಿ ನೋಡುತ್ತೇನೆ. ಒಮ್ಮೆ ಕೊಟ್ಟು ಮುಗಿಯುವ ಹಣ ಎಷ್ಟು, ವರ್ಷ ವರ್ಷವೂ ಕೊಡುತ್ತಲೇ ಇರಬೇಕಾದ ಸಂಬಳ ಎಷ್ಟು, ಕಟ್ಟಡ-ಕಾಮಗಾರಿ ಎಷ್ಟು ಎಂದು ಬೇರೆ ಬೇರೆ ಕಾಲಂಗಳಿಗೆ ಹಾಕಿದರೆ ಸರ್ಕಾರದ ಅಂಜಿಕೆ ಯಾವ ಕಡೆಯದೆಂದು ತಿಳಿಯುತ್ತದೆ. ಸೌದಿಯ ಕೊಡುಗೆಯಲ್ಲಿ ಐದು ಲಕ್ಷ ಮನೆಗಳಿದ್ದವು, ಸರ್ಕಾರಿ ನೌಕರರಿಗೆ 3,000 ರಿಯಾಲ್ ಕನಿಷ್ಠ ವೇತನವಿತ್ತು, ಜೊತೆಗೆ ಒಳಾಡಳಿತ ಸಚಿವಾಲಯದಲ್ಲಿ 60 ಸಾವಿರ ಹೊಸ ಹುದ್ದೆಗಳಿದ್ದವು. ಈ ಕೊನೆಯ ಸಾಲನ್ನು ಹೆಚ್ಚಿನ ಪತ್ರಿಕೆಗಳು ಉದ್ಯೋಗ ಸೃಷ್ಟಿ ಎಂದೇ ಪ್ರಕಟಿಸಿದವು. ಪ್ರತಿಭಟಿಸಬಹುದಾದ ಯುವಕನನ್ನೇ ಪ್ರತಿಭಟನೆ ತಡೆಯುವ ಕೆಲಸಕ್ಕೆ ಸೇರಿಸಿಕೊಳ್ಳುವುದು ಉದ್ಯೋಗ ನೀತಿಯಲ್ಲ, ಭದ್ರತಾ ನೀತಿ ಎಂದು ನಾನು ಬರೆದೆ. ಆ ಲೇಖನದ ಶೀರ್ಷಿಕೆಯನ್ನು ಡೆಸ್ಕಿನಲ್ಲಿ ಮೃದು ಮಾಡಲಾಯಿತು, ವಾದವನ್ನು ಯಾರೂ ಮುಟ್ಟಲಿಲ್ಲ.

ಅದೇ ವರ್ಷ ಸೌದಿ ಸರ್ಕಾರ ತಂದ ಇನ್ನೊಂದು ನೀತಿಯನ್ನು ದಂಗೆಗಳ ಜೊತೆ ಸೇರಿಸಿ ಓದಿದವರು ಕಡಿಮೆ. ನಿರುದ್ಯೋಗಿಗಳಿಗೆ ತಿಂಗಳಿಗೆ 2,000 ರಿಯಾಲ್ ಭತ್ಯೆ ಕೊಡುವ ಯೋಜನೆಯ ಜೊತೆಯಲ್ಲೇ, ಖಾಸಗಿ ಕಂಪನಿಗಳು ಇಂತಿಷ್ಟು ಸೌದಿ ಪ್ರಜೆಗಳನ್ನು ನೇಮಿಸಿಕೊಳ್ಳಲೇಬೇಕೆಂಬ ನಿತಾಕತ್ ಪದ್ಧತಿ 2011ರಲ್ಲಿ ಜಾರಿಗೆ ಬಂತು. ಕಂಪನಿಗಳಿಗೆ ಹಸಿರು, ಹಳದಿ, ಕೆಂಪು ಎಂದು ಬಣ್ಣ ಕೊಟ್ಟು, ಕೆಂಪಿಗೆ ಬಿದ್ದ ಕಂಪನಿಯಲ್ಲಿ ವಿದೇಶಿ ನೌಕರರ ವೀಸಾ ನವೀಕರಣವೇ ನಿಲ್ಲುವಂತೆ ಮಾಡಲಾಯಿತು. 2013ರಲ್ಲಿ ದಂಡವಿಲ್ಲದೆ ದೇಶ ಬಿಡಲು ಅಥವಾ ದಾಖಲೆ ಸರಿಪಡಿಸಿಕೊಳ್ಳಲು ಕೊಟ್ಟ ಗಡುವಿನಲ್ಲಿ ಲಕ್ಷಕ್ಕೂ ಹೆಚ್ಚು ಭಾರತೀಯರು ಮರಳಿದರು. ಭಟ್ಕಳ, ಉಡುಪಿ, ಮಂಗಳೂರಿನ ಕಡೆಯ ಕುಟುಂಬಗಳಿಗೆ ಅರಬ್ ದಂಗೆ ತಟ್ಟಿದ್ದು ಈ ದಾರಿಯಲ್ಲಿ. ಆ ಸುಮಾರಿಗೆ ಕರಾವಳಿಯಲ್ಲಿ ಮಾತಾಡಿಸಿದ, ಜೆದ್ದಾದಲ್ಲಿ ಅಂಗಡಿ ಕೆಲಸ ಬಿಟ್ಟು ಬಂದಿದ್ದ ಹಿರಿಯರೊಬ್ಬರು, "ಮೇಡಂ, ಗಲಾಟೆ ಆದದ್ದು ಈಜಿಪ್ಟಿನಲ್ಲಿ, ಇಕಾಮಾ ಹೋದದ್ದು ನಮ್ಮದು" ಎಂದರು. ಇಕಾಮಾ ಎಂದರೆ ಅಲ್ಲಿನ ವಾಸದ ಪರವಾನಗಿ. ಅವರ ಮಾತು ನನಗೆ ಯಾವ ವಿಶ್ಲೇಷಣೆಗಿಂತಲೂ ಕರಾರುವಾಕ್ಕಾಗಿ ಕಂಡಿತು. ಆದರೂ ತನ್ನ ನಿರುದ್ಯೋಗಿ ಯುವಕರಿಗೆ ಕೆಲಸ ಕೊಡಬೇಕೆಂಬ ಸೌದಿ ಸರ್ಕಾರದ ಗುರಿಯೇ ತಪ್ಪೆಂದು ನಾನು ಬರೆಯಲಿಲ್ಲ. ವಿದೇಶಿ ಕಾರ್ಮಿಕರಿಗೆ ಸಂಘಟನೆಯ ಹಕ್ಕಾಗಲಿ ಮಾಲೀಕನನ್ನು ಬದಲಿಸುವ ಹಕ್ಕಾಗಲಿ ಆಗ ಇಲ್ಲದಿದ್ದ ಕಡೆ, ಅವರನ್ನು ಅಗ್ಗವಾಗಿ ಇಟ್ಟ ವ್ಯವಸ್ಥೆಯನ್ನು ಹಾಗೆಯೇ ಉಳಿಸಿ ತಲೆ ಎಣಿಕೆಯನ್ನಷ್ಟೇ ಬದಲಿಸಿದ್ದು ನನ್ನ ತಕರಾರಾಗಿತ್ತು. ಕರಾವಳಿಯಿಂದ ಈ ಲೇಖನಕ್ಕೆ ಬಂದಷ್ಟು ಪತ್ರಗಳು ತಹ್ರೀರ್ ಚೌಕದ ಬಗೆಗಿನ ಯಾವ ಲೇಖನಕ್ಕೂ ಬರಲಿಲ್ಲ.

ಲಿಬಿಯಾದ ವಿಷಯದಲ್ಲಿ ಬಜೆಟ್ಟಿನ ಅಳತೆಗೋಲಿಗೆ ಹೆಚ್ಚು ಕೆಲಸವಿರಲಿಲ್ಲ. ಅಲ್ಲಿ ಪ್ರಶ್ನೆ ನಮ್ಮ ಸರ್ಕಾರದ ಆದ್ಯತೆಯದಾಗಿತ್ತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ತಾತ್ಕಾಲಿಕ ಸದಸ್ಯನಾಗಿದ್ದ ಭಾರತ, 2011ರ ಫೆಬ್ರವರಿಯಲ್ಲಿ ಲಿಬಿಯಾದ ಆಡಳಿತಗಾರ ಗಡಾಫಿ ವಿರುದ್ಧದ ನಿರ್ಬಂಧಗಳ ಪರವಾಗಿ ಮತ ಹಾಕಿ, ಮಾರ್ಚ್ 17ರಂದು ಸೇನಾ ಕಾರ್ಯಾಚರಣೆಗೆ ದಾರಿ ಮಾಡಿದ 1973 ಸಂಖ್ಯೆಯ ನಿರ್ಣಯಕ್ಕೆ ಮತ ಹಾಕದೆ ದೂರ ಉಳಿಯಿತು. ಅಷ್ಟರೊಳಗೆ ಹಡಗು, ವಿಮಾನಗಳಲ್ಲಿ ಸಾವಿರಾರು ಭಾರತೀಯರನ್ನು ಲಿಬಿಯಾದಿಂದ ಕರೆತರಲಾಗಿತ್ತು. ತನ್ನ ಜನರನ್ನು ಮೊದಲು ಹೊರತಂದು, ಆಮೇಲೆ ಯುದ್ಧದಿಂದ ದೂರ ನಿಂತದ್ದು ಸರಿಯಾದ ಕ್ರಮವೆಂದು ಆಗ ಬರೆದಿದ್ದೆ, ಈಗಲೂ ಹಾಗೆಯೇ ಭಾವಿಸುತ್ತೇನೆ. ಸಿರಿಯಾ, ಯೆಮನ್‌ಗಳು ಯುದ್ಧಕ್ಕೆ ಜಾರಿದ ಮೇಲೆ ಅವುಗಳ ಬಗ್ಗೆ ಈ ವಿಧಾನದಲ್ಲಿ ಬರೆಯುವುದನ್ನು ನಿಲ್ಲಿಸಿದೆ; ಸರ್ಕಾರದ ಲೆಕ್ಕವೇ ಸುಳ್ಳಾದ ಕಡೆ ಆದ್ಯತೆಯನ್ನು ಓದಲು ಉಳಿಯುವುದು ಏನೂ ಇಲ್ಲ.

ಹೊಸ ಆಡಳಿತಗಳ ಲೆಕ್ಕ ಓದುವುದು ನಿಜಕ್ಕೂ ಬೇಸರ ತರಿಸಿದ ಕೆಲಸ. ಈಜಿಪ್ಟಿನ 2014ರ ಸಂವಿಧಾನ, ರಾಷ್ಟ್ರೀಯ ಉತ್ಪನ್ನದ ಕನಿಷ್ಠ ಶೇ 3ರಷ್ಟನ್ನು ಆರೋಗ್ಯಕ್ಕೆ, ಶೇ 4ರಷ್ಟನ್ನು ಶಾಲಾ ಶಿಕ್ಷಣಕ್ಕೆ ಕೊಡಬೇಕೆಂದು ಬರೆದುಕೊಂಡಿತು. ಅದೇ ಸಂವಿಧಾನ ಸೇನೆಯ ಬಜೆಟ್ಟನ್ನು ಒಂದೇ ಒಂದು ಅಂಕಿಯಾಗಿ ತೋರಿಸಿದರೆ ಸಾಕೆಂದೂ ಬರೆಯಿತು. ಮೊದಲನೆಯ ವಾಗ್ದಾನ ಕಾಗದದಲ್ಲಿ ಉಳಿಯಿತು, ಎರಡನೆಯದು ಅಕ್ಷರಶಃ ಪಾಲನೆಯಾಯಿತು. ಅಧ್ಯಕ್ಷರಾದ ಅಬ್ದುಲ್ ಫತ್ತಾ ಅಲ್ ಸಿಸಿ ಇಂಧನ ಸಬ್ಸಿಡಿಗೆ ಕತ್ತರಿ ಹಾಕಿದರು, ಅದು ಆಗಬೇಕಾಗಿದ್ದೇ ಸರಿ. ಆದರೆ ಸೂಯೆಜ್ ಕಾಲುವೆಯ ವಿಸ್ತರಣೆ, ಕೈರೊದ ಪೂರ್ವದ ಮರಳುಗಾಡಿನಲ್ಲಿ ಹೊಸ ಆಡಳಿತ ರಾಜಧಾನಿಯಂತಹ ಕಾಮಗಾರಿಗಳು ಕಣ್ಣೆದುರು ಎದ್ದಷ್ಟು ವೇಗದಲ್ಲಿ ಶಾಲೆ-ಆಸ್ಪತ್ರೆಗಳ ಪಾಲು ಏಳಲಿಲ್ಲ. 2016ರ ನವೆಂಬರಿನಲ್ಲಿ ಪೌಂಡಿನ ವಿನಿಮಯ ದರವನ್ನು ಮಾರುಕಟ್ಟೆಗೆ ಬಿಟ್ಟು ಐಎಂಎಫ್‌ನಿಂದ 12 ಬಿಲಿಯನ್ ಡಾಲರ್ ಸಾಲ ಪಡೆಯಲಾಯಿತು. ಕೊನೆಗೆ 2024ರ ಜೂನ್ 1ರಿಂದ, ಮೂರು ದಶಕಗಳಿಗೂ ಹೆಚ್ಚು ಕಾಲ ಯಾರೂ ಮುಟ್ಟದಿದ್ದ ರೊಟ್ಟಿಯ ಬೆಲೆ ಐದರಿಂದ ಇಪ್ಪತ್ತು ಪಿಯಾಸ್ಟರ್‌ಗೆ ಏರಿತು. ಈ ಬಾರಿ 1977ರಂತೆ ಬೀದಿ ತುಂಬಲಿಲ್ಲ. ತುಂಬದಂತೆ ನೋಡಿಕೊಳ್ಳುವ ಖರ್ಚು ಆ ಒಂದೇ ಅಂಕಿಯೊಳಗೂ ಪೊಲೀಸ್ ಇಲಾಖೆಯ ಪುಟಗಳಲ್ಲೂ ಇದೆ.

ಟ್ಯುನೀಷಿಯಾದ್ದು ಬೇರೆಯ ಕಥೆ, ನನಗೆ ಹೆಚ್ಚು ನೋವು ಕೊಟ್ಟದ್ದೂ ಅದೇ, ಏಕೆಂದರೆ ಅಲ್ಲಿ ಚುನಾಯಿತ ಸರ್ಕಾರಗಳಿದ್ದವು. 2014ರ ಸಂವಿಧಾನದ 12ನೆಯ ವಿಧಿ, ಹಿಂದುಳಿದ ಪ್ರದೇಶಗಳಿಗೆ ಸಕಾರಾತ್ಮಕ ತಾರತಮ್ಯದ ತತ್ವದಡಿ ಆದ್ಯತೆ ಕೊಡಬೇಕೆಂದಿತು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂಬಂಧಿಸಿದ 371(ಜೆ) ವಿಧಿಯ ಜಾರಿಯನ್ನು ವರದಿ ಮಾಡಿದ್ದ ನನಗೆ, ಅಂತಹ ವಿಧಿಯ ಬೆನ್ನಿಗೆ ಪ್ರತ್ಯೇಕ ಹಣ, ಹುದ್ದೆ, ಮಂಡಳಿ ಇಲ್ಲದಿದ್ದರೆ ಏನಾಗುತ್ತದೆಂಬುದು ಗೊತ್ತಿತ್ತು. ಆದ್ದರಿಂದ ಅದನ್ನು ಸ್ವಾಗತಿಸುವಾಗಲೇ ಹಣದ ಸಾಲು ಎಲ್ಲಿದೆ ಎಂದು ಕೇಳಿದೆ. ಬಂದ ಸರ್ಕಾರಗಳೆಲ್ಲ ಒತ್ತಡ ಬಂದಾಗ ಆರಿಸಿಕೊಂಡ ದಾರಿ ಸರ್ಕಾರಿ ನೇಮಕಾತಿಯದು. 2010ರಲ್ಲಿ ಜಿಡಿಪಿಯ ಶೇ 10-11ರಷ್ಟಿದ್ದ ಸಂಬಳದ ವೆಚ್ಚ ಹತ್ತು ವರ್ಷಗಳಲ್ಲಿ ಶೇ 15ನ್ನು ಮೀರಿತು, ಬಂಡವಾಳ ವೆಚ್ಚ ಕುಗ್ಗಿತು, ಒಳನಾಡಿನ ರಸ್ತೆ-ಆಸ್ಪತ್ರೆಗಳು ಕಾಯುತ್ತಲೇ ಉಳಿದವು. ಸ್ಥಳೀಯ ಸಂಸ್ಥೆಗಳಿಗೆ ಮೊದಲ ಮುಕ್ತ ಚುನಾವಣೆ ನಡೆದದ್ದೇ 2018ರಲ್ಲಿ. 2021ರ ಜುಲೈ 25ರಂದು ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನು ಅಮಾನತಿನಲ್ಲಿಟ್ಟಾಗ ಬೀದಿಯಲ್ಲಿ ಸಂಭ್ರಮಿಸಿದವರನ್ನು ಪ್ರಜಾಪ್ರಭುತ್ವದ ಬೆಲೆ ತಿಳಿಯದವರೆಂದು ಬೈಯುವ ಲೇಖನಗಳು ಬಂದವು. ಸಯೀದ್ ಮಾಡಿದ್ದನ್ನು ನಾನು ಒಪ್ಪಲಿಲ್ಲ. ಆದರೆ ಹತ್ತು ವರ್ಷ ಮತ ಹಾಕಿಯೂ ಕಸ್ಸರೀನಿನ ಆಸ್ಪತ್ರೆ ಸುಧಾರಿಸದ ಮೇಲೆ, ಸಂಸತ್ತಿನ ಬಾಗಿಲು ಮುಚ್ಚಿದ್ದಕ್ಕೆ ಅಲ್ಲಿನವರು ಅಳಬೇಕಿತ್ತೆಂದು ಹೇಳುವುದು ನನ್ನಿಂದಾಗಲಿಲ್ಲ.

ಸುಡಾನಿನಲ್ಲಿ 2018ರ ಡಿಸೆಂಬರಿನಲ್ಲಿ ರೊಟ್ಟಿಯ ಬೆಲೆ ಒಂದು ಪೌಂಡಿನಿಂದ ಮೂರಕ್ಕೆ ಏರಿದಾಗ ಅತ್ಬರಾದಲ್ಲಿ ಶುರುವಾದ ಪ್ರತಿಭಟನೆ ಮುಂದಿನ ಏಪ್ರಿಲಿನಲ್ಲಿ ಒಮರ್ ಅಲ್ ಬಶೀರ್ ಅವರ ಮೂವತ್ತು ವರ್ಷಗಳ ಆಳ್ವಿಕೆಯನ್ನು ಮುಗಿಸಿತು. ಸೇನೆ ಮತ್ತು ಅರೆಸೇನಾ ಪಡೆಗಳು ಆರ್ಥಿಕತೆಯ ಮೇಲಿನ ಹಿಡಿತ ಬಿಡಲಿಲ್ಲ, 2023ರ ಏಪ್ರಿಲ್ 15ರಂದು ಅವೆರಡೇ ಪರಸ್ಪರ ಯುದ್ಧಕ್ಕಿಳಿದವು. ಗಿಡಮೂಲಿಕೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಕ್ಕಿಕೊಂಡಾಗ ಇಲ್ಲಿ ವಿಧಾನಸಭಾ ಚುನಾವಣೆಯ ಪ್ರಚಾರ ನಡೆದಿತ್ತು, ಅವರ ಸಂಕಟ ಎರಡು ಪಕ್ಷಗಳ ನಾಯಕರ ಟ್ವಿಟರ್ ಜಗಳವಾಯಿತು. ಆ ದಿನಗಳಲ್ಲಿ ಸುಡಾನ್ ಬಗ್ಗೆ ಬರೆದಷ್ಟಕ್ಕೂ ಓದುಗರಿದ್ದರು, ಹಕ್ಕಿಪಿಕ್ಕಿಗಳು ಮರಳಿದ ಮೇಲೆ ಯಾರೂ ಕೇಳಲಿಲ್ಲ.

ಈಚಿನದು ಮೊರೊಕ್ಕೊ. 2025ರ ಸೆಪ್ಟೆಂಬರಿನಲ್ಲಿ ಅಗಾದೀರ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರು ಸತ್ತ ಸಿಟ್ಟು, 2030ರ ಫುಟ್‌ಬಾಲ್ ವಿಶ್ವಕಪ್ಪಿಗೆ ಏಳುತ್ತಿರುವ ಕ್ರೀಡಾಂಗಣಗಳ ಎದುರು ಆಸ್ಪತ್ರೆ ಎಲ್ಲಿ ಎಂದು ಬೀದಿಗಿಳಿದ ಯುವಜನರ ಕೂಗಾಗಿ ಬದಲಾಯಿತು. ಬಜೆಟ್ಟನ್ನೇ ಘೋಷಣೆಯನ್ನಾಗಿ ಮಾಡಿಕೊಂಡ ಈ ಯುವಕರ ಬಗ್ಗೆ ಬರೆಯುವುದು ನನಗೆ ಸುಲಭವಾಯಿತು, ಏಕೆಂದರೆ ನನ್ನ ವಾದವನ್ನು ಅವರೇ ಬೀದಿಯಲ್ಲಿ ಆಡುತ್ತಿದ್ದರು. ಅಕ್ಟೋಬರಿನಲ್ಲಿ ಸರ್ಕಾರ 2026ರ ಸಾಲಿಗೆ ಆರೋಗ್ಯ ಮತ್ತು ಶಿಕ್ಷಣಕ್ಕೆಂದು 140 ಬಿಲಿಯನ್ ದಿರಹಂ ತೆಗೆದಿರಿಸುವುದಾಗಿ ಹೇಳಿತು. ಇದು ಹಂಚಿಕೆ ಮಾತ್ರ. ಇದರಲ್ಲಿ ಸಂಬಳಕ್ಕೆ ಎಷ್ಟು, ಕಟ್ಟಡಕ್ಕೆ ಎಷ್ಟು, ರಬಾತ್ ಮತ್ತು ಕಾಸಾಬ್ಲಾಂಕಾಗಳನ್ನು ದಾಟಿ ಅಟ್ಲಾಸ್ ಬೆಟ್ಟಗಳ ಊರುಗಳಿಗೆ ಎಷ್ಟು ಎಂಬುದು ವಾಸ್ತವಿಕ ವೆಚ್ಚದ ಪಟ್ಟಿ ಬಂದಾಗ ತಿಳಿಯುತ್ತದೆ. ಮುಂದಿನ ಲೇಖನವನ್ನು ಆ ಪಟ್ಟಿ ಸಿಕ್ಕ ಮೇಲೆ ಬರೆಯುತ್ತೇನೆಂದು ಸಂಪಾದಕರಿಗೆ ತಿಳಿಸಿದ್ದೇನೆ.