ನಾಟಿಕೋಳಿ ಸಾರಿಗೆ ರೀಸ್ಲಿಂಗ್: ನನ್ನ ಅನುಭವ

ನಮ್ಮ ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಅಂದರೆ ಬೆಂಗಳೂರು ನೀಲಿ, ದಿಲ್‌ಖುಷ್. ರೀಸ್ಲಿಂಗ್ ಇಲ್ಲಿಯ ಬೆಳೆಯಲ್ಲ. ಅದು ಜರ್ಮನಿಯ ರೈನ್ ಸೀಮೆಯ ಬಿಳಿ ದ್ರಾಕ್ಷಿ, 1435ರ ಲೆಕ್ಕಪತ್ರವೊಂದರಲ್ಲೇ ಅದರ ಹೆಸರಿದೆ. ಅದರಿಂದ ಮಾಡಿದ ವೈನಿಗೂ ಅದೇ ಹೆಸರು. ಚಳಿ ಊರಲ್ಲಿ ನಿಧಾನವಾಗಿ ಹಣ್ಣಾಗುವುದರಿಂದ ಹುಳಿ ಚೆನ್ನಾಗಿ ಉಳಿಯುತ್ತದೆ. ನನಗೆ ಹಿಡಿಸಿದ್ದು ಈ ಹುಳಿಯೇ. ನಮ್ಮ ಸಾರಿಗೆ ಹುಣಸೆಯೋ ಟೊಮೆಟೊವೋ ಬಿದ್ದೇ ಬೀಳುತ್ತದೆ. ಅಂಥ ಊಟದ ಜೊತೆ ಹುಳಿ ಕಡಿಮೆಯಿರುವ ವೈನ್ ಸಪ್ಪೆಯಾಗಿಬಿಡುತ್ತದೆ.

ಅಂಗಡಿಯಲ್ಲಿ ನಾನು ಮೊದಲು ನೋಡುವುದು ಆಲ್ಕೋಹಾಲ್ ಎಷ್ಟು ಅಂತ. ಶೇಕಡಾ 8 ಅಥವಾ 9 ಇದ್ದರೆ ದ್ರಾಕ್ಷಿಯ ಸಕ್ಕರೆ ಪೂರ್ತಿ ಹುದುಗಿ ಆಲ್ಕೋಹಾಲ್ ಆಗದೆ ಉಳಿದಿದೆ ಎಂದರ್ಥ, ಕುಡಿಯಲು ಸಿಹಿ. 12 ದಾಟಿದ್ದರೆ ಸಾಮಾನ್ಯವಾಗಿ ಡ್ರೈ, ಅಂದರೆ ಸಿಹಿಯಿಲ್ಲದ್ದು. ಜರ್ಮನ್ ಬಾಟಲಿ ಮೇಲೆ ‘ಟ್ರೋಕನ್’ ಎಂದಿದ್ದರೂ ಡ್ರೈ. ಜರ್ಮನಿಯ ಮೋಸೆಲ್ ನದಿ ಕಡೆಯ ‘ಕಾಬಿನೆಟ್’ (ಹಗುರವಾದ ವೈನ್ ದರ್ಜೆ) ಸಿಕ್ಕಿ, ಆಲ್ಕೋಹಾಲ್ ಕಡಿಮೆ ಇದ್ದರೆ ಅದನ್ನು ಖಾರದ ಊಟಕ್ಕೆಂದೇ ಎತ್ತಿಡುತ್ತೇನೆ.

ನಾಟಿಕೋಳಿ ಸಾರಿಗೆ ಅದಕ್ಕಿಂತ ಚೆನ್ನಾಗಿ ಹೊಂದುವುದು ನನಗಂತೂ ಸಿಕ್ಕಿಲ್ಲ. ಆಲ್ಕೋಹಾಲ್ ಜಾಸ್ತಿಯಾದಷ್ಟೂ ಮೆಣಸಿನಕಾಯಿಯ ಉರಿ ಜಾಸ್ತಿ. ಕೆಂಪು ವೈನಿನ ಒಗರೂ ಸೇರಿದರೆ ಬಾಯಿ ಕೆಟ್ಟೇಹೋಗುತ್ತದೆ. ಇಲ್ಲಿ ಆಲ್ಕೋಹಾಲೂ ಕಡಿಮೆ, ಒಗರೂ ಇಲ್ಲ. ಸಿಹಿ ಖಾರವನ್ನು ತಗ್ಗಿಸುತ್ತದೆ, ಹುಳಿ ಎಣ್ಣೆಯ ಜಿಡ್ಡನ್ನು ಕಳೆಯುತ್ತದೆ. ಜೊತೆಗೆ ಮುದ್ದೆ ಇದ್ದರೆ ಹೇಗೆ ಅಂತ ಕೇಳುತ್ತಾರೆ. ಮುದ್ದೆಯನ್ನು ನಾವು ಅಗಿಯುತ್ತೇವಾ? ನುಂಗುತ್ತೇವೆ, ಅಲ್ವಾ? ವೈನ್ ಹೊಂದಬೇಕಾದ್ದು ಸಾರಿಗೆ. ಆದರೆ ಕುದಿಯುವ ಸಾರು ಬಾಯಲ್ಲಿರುವಾಗ ತಣ್ಣನೆಯ ವೈನ್ ಕುಡಿದರೆ ಎರಡರ ರುಚಿಯೂ ಸಿಗದು. ನಾಲಗೆ ಸ್ವಲ್ಪ ತಣಿಯಲಿ. ವೈನ್ ಕೂಡ 8ರಿಂದ 10 ಡಿಗ್ರಿ ಇದ್ದರೆ ಸಾಕು. ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಹೊರಗಿಟ್ಟು ಬಗ್ಗಿಸುತ್ತೇನೆ. ಐಸ್ ಹಾಕುವವರನ್ನು ಕಂಡರೆ ಸುಮ್ನೆ ಬೇರೆ ಕಡೆ ನೋಡುತ್ತೇನೆ.

ಅವರೆಕಾಯಿ ಕಾಲದಲ್ಲಿ ಹಿತಕಿದಬೇಳೆ ಸಾರಿಗೆ ಡ್ರೈ ರೀಸ್ಲಿಂಗ್ ಒಳ್ಳೆಯದು. ಕಾಯಿ ಹಾಕಿ ರುಬ್ಬಿದ ಮಸಾಲೆ, ಖಾರ ಹದವಾಗಿರುತ್ತದೆ. ವೈನಿನ ನಿಂಬೆ, ಹಸಿರು ಸೇಬಿನ ಪರಿಮಳ ಅವರೆಯ ಸೊಗಡನ್ನು ಮುಚ್ಚುವುದಿಲ್ಲ. ಸಾಮಾನ್ಯವಾಗಿ ಇದನ್ನು ಹೊಸ ಓಕ್ ಪೀಪಾಯಿಯಲ್ಲಿ ಇಡುವುದಿಲ್ಲ, ಮರದ ವಾಸನೆಯ ಕಾಟವಿಲ್ಲ. ಕೆರೆ ಮೀನಿನ ಫ್ರೈಗೂ ಡ್ರೈಯೇ ಸರಿ.

ಹೋಳಿಗೆಗೆ ಮಾತ್ರ ಬೇಡ. ತಿಂಡಿ ವೈನಿಗಿಂತ ಸಿಹಿಯಾದರೆ ವೈನ್ ಬರೀ ಹುಳಿ ಅನ್ನಿಸುತ್ತದೆ. ಬಾದಾಮಿ ಮಾವಿನಹಣ್ಣಿಗೂ ಅದೇ ಕಥೆ.

ಹಳೆಯ ಬಾಟಲಿ ತೆಗೆದಾಗ ನಮ್ಮ ಭಾವಮೈದ ಮೂಸಿ, ‘ಏನ್ ಭಾವ, ಸೀಮೆಎಣ್ಣೆ ವಾಸ್ನೆ ಬರ್ತಾ ಇದೆ’ ಅಂದ. ಬರುತ್ತದೆ. ವಯಸ್ಸಾದ ರೀಸ್ಲಿಂಗಿಗೆ ಆ ವಾಸನೆ ಸಹಜ, ಬಿಸಿಲು ಜಾಸ್ತಿ ತಿಂದ ದ್ರಾಕ್ಷಿಯಲ್ಲಿ ಇನ್ನೂ ಹೆಚ್ಚು. ಕೆಟ್ಟಿದೆ ಅಂತ ಚೆಲ್ಲಬೇಡಿ. ಆದರೆ ಅದನ್ನು ಕೋಳಿ ಸಾರಿಗೆ ಬಗ್ಗಿಸಬೇಡಿ, ಮಸಾಲೆ ಮುಂದೆ ಆ ಪರಿಮಳ ಗೊತ್ತೇ ಆಗುವುದಿಲ್ಲ. ಹುರಿದ ಕಡಲೆಬೀಜ ಇಟ್ಟುಕೊಂಡು ನಿಧಾನಕ್ಕೆ ಕುಡಿಯಿರಿ.