ಬಲೂನು ಮುಚ್ಚಿ ಓದುವುದು

ಅಮರ ಚಿತ್ರಕಥೆ, ಬಾಲಮಂಗಳದಲ್ಲಿ ಪಳಗಿದ ಕಣ್ಣಿಗೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಕಲಾವಿದರೇ ಮಾಡುವ ಸ್ವತಂತ್ರ ಕಾಮಿಕ್ಸ್ ಮೊದಲ ಸಲಕ್ಕೆ ಹಿಡಿಸುವುದು ಕಷ್ಟ. ಗೆರೆ ಒರಟು, ಬಣ್ಣ ಇಲ್ಲ, ಕಥೆ ಎಲ್ಲಿಗೂ ಹೋಗುತ್ತಿಲ್ಲ ಅನ್ನಿಸುತ್ತದೆ. ಎಡವುವುದು ಓದುವ ವೇಗದಲ್ಲಿ. 32 ಪುಟದಲ್ಲಿ ಒಬ್ಬ ರಾಜನ ಇಡೀ ಬದುಕು ಮುಗಿಸಬೇಕಾದಾಗ ಕಥೆಯ ಭಾರವನ್ನೆಲ್ಲ ಮಾತೇ ಹೊರುತ್ತದೆ. ನಾವೂ ಮಾತು ಬರೆದ ಒಂದು ಬಲೂನಿನಿಂದ ಇನ್ನೊಂದು ಬಲೂನಿಗೆ ಜಿಗಿದು, ಮಾತಾಡಿದವರು ಯಾರು ಅಂತ ತಿಳಿಯುವಷ್ಟೇ ಚಿತ್ರ ನೋಡುತ್ತೇವೆ. ಆ ರೂಢಿ ಬಿಡದೆ ಎಷ್ಟು ಹೊಸ ಪುಸ್ತಕ ಕೊಂಡರೂ ದುಡ್ಡು ದಂಡ.

ಆ ರೂಢಿ ತಪ್ಪಿಸಲು ನಾನು ಬಳಸುವುದು ಹಳೇ ಮದುವೆ ಕಾರ್ಡಿನಿಂದ ಕತ್ತರಿಸಿದ, 4 ಸೆಂ.ಮೀ. ಅಗಲದ ರಟ್ಟಿನ ಪಟ್ಟಿ. ಬಲೂನುಗಳು ಹೆಚ್ಚಾಗಿ ಚಿತ್ರದ ಚೌಕದ ಮೇಲ್ಭಾಗದಲ್ಲೇ ಇರುತ್ತವೆ. ಒಂದು ಸಾಲು ಚೌಕಕ್ಕೆ ಒಂದು ಪಟ್ಟಿ ಸಾಕು. ಮಾತು ಮುಚ್ಚಿ ಪುಟಕ್ಕೆ ಎರಡು ನಿಮಿಷ ಕೊಟ್ಟು, ಏನಾಯಿತು ಅಂತ ಚೀಟಿಯಲ್ಲಿ ಒಂದು ಸಾಲು ಬರೆಯಬೇಕು. ಆಮೇಲೆ ಪಟ್ಟಿ ತೆಗೆದು ಮಾತು ಓದಬೇಕು. ಚಿತ್ರ ಹೇಳಿದ್ದನ್ನೇ ಮಾತೂ ಹೇಳಿದ್ದರೆ ಚೀಟಿಯಲ್ಲಿ ಒಂದು ಅಡ್ಡಗೀಟು. ಎರಡೂ ಬೇರೆ ಬೇರೆ ಹೇಳಿದ್ದರೆ ಒಂದು ಚುಕ್ಕೆ. ಹಳೆಯ ಕಾಮಿಕ್ಸಿನಲ್ಲಿ ಅಡ್ಡಗೀಟು ತುಂಬುತ್ತವೆ, ಒಳ್ಳೆಯ ಸ್ವತಂತ್ರ ಕಾಮಿಕ್ಸಿನಲ್ಲಿ ಚುಕ್ಕೆ. ಒಂದು ಕೂತಿಗೆ ಹತ್ತು ಪುಟ ಮೀರಬಾರದು. ಕಣ್ಣು ದಣಿದರೆ ಮತ್ತೆ ಬಲೂನಿಗೇ ಓಡುತ್ತದೆ.

ಪುಸ್ತಕ ಕೈಯಲ್ಲಿಲ್ಲದಿದ್ದರೆ ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರದ ಕನಗನಹಳ್ಳಿಗೆ ಹೋಗಿ ಬೌದ್ಧ ಸ್ತೂಪದ ಕಲ್ಲುಫಲಕಗಳನ್ನು ನೋಡಬಹುದು. ಜಾತಕ ಕಥೆಗಳು, ಬುದ್ಧನ ಬದುಕು, ಅಶೋಕ, ಎಲ್ಲ ಚಿತ್ರದಲ್ಲೇ ನಡೆಯುತ್ತದೆ. ಬರಹ ಅಂದರೆ ಹಳೆಯ ಬ್ರಾಹ್ಮಿ ಲಿಪಿಯಲ್ಲಿ ಕೊರೆದ ಪುಟ್ಟ ಹೆಸರುಪಟ್ಟಿ, ದಾನದ ಒಂದೆರಡು ಸಾಲು, ಅಷ್ಟೇ.

ಇನ್ನು ಯಾವುದನ್ನು ಮೊದಲು ಓದಬೇಕು ಅನ್ನುವುದು. ಕಥೆ ಗೊತ್ತಿದ್ದು ರೂಪ ಹೊಸದಿರಲಿ. ನಮ್ಮ ಕಡೆಯವರಿಗೆ ಅಂಬೇಡ್ಕರರ ಬದುಕನ್ನು ಚಿತ್ರದಲ್ಲಿ ಹೇಳುವ 2011ರ ‘ಭೀಮಾಯನ’ದಷ್ಟು ಹೊಂದುವುದು ಬೇರೊಂದಿಲ್ಲ. ಅಂಬೇಡ್ಕರರ ಬಾಲ್ಯದ ನೀರಿನ ಪ್ರಸಂಗ ಕಲಬುರಗಿಯಲ್ಲಿ ಯಾರಿಗೆ ಗೊತ್ತಿಲ್ಲ? ಹಾಗಾಗಿ ಮುಂದೇನಾಯಿತು ಅನ್ನುವ ಅವಸರ ಇರುವುದಿಲ್ಲ, ಕಣ್ಣು ಚಿತ್ರದ ಮೇಲೆ ನಿಲ್ಲುತ್ತದೆ. ಇದರ ಚಿತ್ರ ಬಿಡಿಸಿದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಇಬ್ಬರೂ ಮಧ್ಯಪ್ರದೇಶದ ಪರ್ಧಾನ್ ಗೊಂಡ ಬುಡಕಟ್ಟಿನ ಕಲಾವಿದರು. ಪುಟವನ್ನು ಚೌಕಗಳಾಗಿ ಕೊರೆಯದೆ, ಮನೆಯ ಗೋಡೆ ಮತ್ತು ನೆಲಕ್ಕೆ ಬಿಡಿಸುವ ದಿಗ್ನಾ ಗೆರೆಗಳಿಂದ ಭಾಗ ಮಾಡುತ್ತಾರೆ. ಮೃದು ಮಾತಿನ ಬಲೂನಿಗೆ ಹಕ್ಕಿಯ ಆಕಾರ, ವಿಷದ ಮಾತಿಗೆ ಚೇಳಿನ ಬಾಲ, ಮನಸ್ಸಿನ ಮಾತಿಗೆ ಒಂದು ಕಣ್ಣು. ಇಲ್ಲಿ ಮಾತ್ರ ಪಟ್ಟಿ ಹಾಕಬೇಡಿ, ಬಲೂನೇ ಚಿತ್ರ.

ಎರಡನೆಯದಕ್ಕೆ ಒರಿಜಿತ್ ಸೇನ್ ನರ್ಮದಾ ಕಣಿವೆಯ ಅಣೆಕಟ್ಟು ವಿವಾದದ ಬಗ್ಗೆ 1994ರಲ್ಲಿ ಮಾಡಿದ ‘ರಿವರ್ ಆಫ್ ಸ್ಟೋರೀಸ್’. ನಾರಾಯಣಪುರ ಅಣೆಕಟ್ಟು ಕಂಡ ಯಾದಗಿರಿಯವರಿಗೆ ಪೀಠಿಕೆಯೇ ಬೇಡ. ಆಮೇಲೆ ಮರ್ಜಾನ್ ಸತ್ರಾಪಿ ಇರಾನಿನ ತಮ್ಮ ಬಾಲ್ಯ ನೆನೆದು ಮಾಡಿದ ‘ಪರ್ಸೆಪೊಲಿಸ್’: ದಟ್ಟ ಕಪ್ಪು, ನಡುವೆ ಬಿಳಿ ಗೆರೆ. ಬೀದರಿನ ಬಿದರಿ ಹೂಜಿಯಲ್ಲಿ ಕಪ್ಪು ಮೈ ಇರುವುದರಿಂದಲೇ ಬೆಳ್ಳಿ ತಂತಿ ಹೊಳೆಯುವುದನ್ನು ಕಂಡವರಿಗೆ, ಬಣ್ಣ ಯಾಕಿಲ್ಲ ಅನ್ನುವ ಪ್ರಶ್ನೆ ಬರಬಾರದು.

ಹೆಚ್ಚಿನವರು ಕೆಡುವುದು ಕಟ್ಟುಪಾಡು ಧಿಕ್ಕರಿಸಿ ಹೊರಬಂದ ಅಮೆರಿಕದ ಅಂಡರ್‌ಗ್ರೌಂಡ್ ಕಾಮಿಕ್ಸಿನಿಂದ ಶುರುಮಾಡಿ. ಆ ಪಂಗಡದ ರಾಬರ್ಟ್ ಕ್ರಂಬ್ 1968ರಲ್ಲಿ ಗೀಚಿದ್ದರ ಹಿಂದೆ, ಅಲ್ಲಿನ ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ 1954ರ ಕಾಮಿಕ್ಸ್ ಕೋಡಿನ ಕಟ್ಟುಪಾಡು ಇದೆ. ಅದು ಅವರ ಮನೆಯ ಜಗಳ. ಆ ಮನೆಯ ಅಡುಗೆ ಉಣ್ಣದವರಿಗೆ ಬರೀ ಅಸಭ್ಯ ಅನ್ನಿಸುತ್ತದೆ. ಅಮೆರಿಕದವರೇ ಆದ ಕ್ರಿಸ್ ವೇರ್ ಅವರದು ಇನ್ನೊಂದು ತೊಡಕು: ಬೆರಳಿನುಗುರಿನಷ್ಟು ಚೌಕಗಳು, ಬಾಣದ ಗುರುತು ಹಿಡಿದು ಓದುವ ಪುಟಗಳು. ನಾಲ್ಕೈದು ಪುಸ್ತಕ ಆದಮೇಲೆ ನೋಡಿ.

ಮೊಬೈಲಿನಲ್ಲಿ ಬೇಡ. ಒಂದೊಂದೇ ಚೌಕ ದೊಡ್ಡದಾಗಿ ತೋರಿಸುವ ಸೌಲಭ್ಯ ಆನ್ ಮಾಡಿದರೆ ಇಡೀ ಪುಟದ ಜೋಡಣೆ ಹಾಳು. ಹೆಚ್ಚು ಅದುಮಿದ ಪಿಡಿಎಫ್‌ನಲ್ಲಿ ಸಣ್ಣ ಅಡ್ಡಗೆರೆಗಳೆಲ್ಲ ಬೂದಿಯಂತೆ ಕಲೆಯುತ್ತವೆ. ಕಾಗದದ್ದೇ ತರಿಸಿ, ಆದರೆ ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಪತ್ರಾಸಿನ ಮನೆಯಲ್ಲಿಟ್ಟರೆ ಬೆನ್ನಿನ ಅಂಟು ಸಡಿಲವಾಗಿ ಹಾಳೆ ಕಳಚುತ್ತವೆ. ಗೋದ್ರೇಜ್ ಬೀರುವಿನ ಕೆಳಗಿನ ಅರೆ ವಾಸಿ.

ರುಚಿ ಬದಲಾಗಿದೆಯೋ ಇಲ್ಲವೋ ನೋಡಲು ನಾಲ್ಕು ಚೌಕದ ಒಂದು ಕಥೆ ನೀವೇ ಬಿಡಿಸಿ. ಎರಡು ಎ4 ಹಾಳೆ ಜೋಡಿಸಿದರೆ ಗೋಡೆಗೆ ಅಂಟಿಸುವಷ್ಟು ದೊಡ್ಡದಾಗುತ್ತದೆ. ಅಕ್ಷರ 5 ಮಿ.ಮೀ.ಗಿಂತ ಚಿಕ್ಕದಾದರೆ ದೂರದಿಂದ ಓದಲಾಗದು. ಇಂಗ್ಲಿಷ್ ಕಾಮಿಕ್ಸ್ ನೋಡಿ ಬಲೂನು ಮೊದಲೇ ಎಳೆದುಬಿಟ್ಟರೆ ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ‘ಕ್ಕ’ ಯಾವುದು, ‘ಕಿ’ ಯಾವುದು ತಿಳಿಯದಂತಾಗುತ್ತದೆ. ಸಾಲುಗಳ ನಡುವೆ ಒಂದು ಅಕ್ಷರದಷ್ಟು ಜಾಗ ಬಿಟ್ಟು ಮಾತು ಮೊದಲು ಬರೆಯಿರಿ, ಬಲೂನು ಆಮೇಲೆ ಅದರ ಸುತ್ತ ಎಳೆಯಿರಿ.